ಇವರು ಮನೆಗೆ ಬಂದರು

ಕಳೆದ ವಾರ ಇವರು ಪೋಲೆಂಡಿನಿಂದ ವಾಪಸ್ ಬಂದರು. ಇವರ ಸೇನಾನೆಲೆ, ಅಮೆರಿಕದ ಕಾನ್ಸಾಸ್ ರಾಜ್ಯದ ಫೋರ್ಟ್ ರೈಲಿಯ ಜಿಮ್‌ನಲ್ಲಿ ರಾತ್ರಿ ಹನ್ನೊಂದರವರೆಗೆ ಕಾದೆವು. ಬಸ್ಸಿಳಿದವರು ಸಾಲಾಗಿ ಬಂದು ನಿಂತರು. ಭಾಷಣ ಮಾಡಬೇಕಿದ್ದ ಅಧಿಕಾರಿ ಎರಡೇ ಮಾತಿಗೆ ಮುಗಿಸಿದರು, ಪುಣ್ಯಾತ್ಮರು. ಸಾಲು ಒಡೆಯಿತು. ಎಲ್ಲರದ್ದೂ ಅದೇ ಬಟ್ಟೆ, ಅದೇ ಕಟಿಂಗ್. ಕಟ್ಟಿಕೊಂಡ ಗಂಡನನ್ನು ಹುಡುಕೋಕೆ ನನಗೆ ಐದು ನಿಮಿಷ ಹಿಡಿಯಿತು. ಎಂಟು ತಿಂಗಳ ಮಗಳು ಅಪ್ಪನನ್ನು ಮೊದಲ ಸಲ ನೋಡಿ ಕಿಟಾರನೆ ಕಿರುಚಿದಳು. ಇವರು ಹೊರಟಾಗ ಅವಳಿನ್ನೂ ಹೊಟ್ಟೆಯಲ್ಲಿದ್ದಳು.

ಒಂಬತ್ತು ತಿಂಗಳು ಕಳೆಯಿತು. ಕಾನ್ಸಾಸ್ ಸಿಟಿಯಿಂದ ಎರಡು ಗಂಟೆ ಕಾರು ಓಡಿಸಿಕೊಂಡು ಬಂದು ಅಂಟಿನುಂಡೆ, ಬಾಣಂತಿ ಖಾರ ಕೊಟ್ಟು ಹೋದ ಕನ್ನಡದ ಮನೆಯವರಿಗೆ, ಪಕ್ಕದ ಮ್ಯಾನ್‌ಹಟನ್ (ನ್ಯೂಯಾರ್ಕಿನದ್ದಲ್ಲ, ಇಲ್ಲಿನದೇ ಊರು) ಯೂನಿವರ್ಸಿಟಿಯಲ್ಲಿ ಓದುತ್ತಾ ಪರೀಕ್ಷೆ ಮಧ್ಯೆಯೂ ಮಗು ಎತ್ತಿಕೊಂಡ ಹುಡುಗಿಯರಿಗೆ, ಮನೆ ಮುಂದಿನ ಹಿಮ ಸರಿಸಿಕೊಟ್ಟ ಇವರ ಯೂನಿಟ್ಟಿನ ಮನೆಯವರಿಗೆ, ಹಿರಿಯೂರಿನಿಂದ ದಿನಾ ಫೋನಿನಲ್ಲೇ ಎಣ್ಣೆ ನೀರು ಹಾಕಿಸಿದ ನನ್ನಮ್ಮನಿಗೆ, ಎಲ್ಲರಿಗೂ ಥ್ಯಾಂಕ್ಸ್. ಇನ್ನುಳಿದದ್ದೆಲ್ಲ ಒಬ್ಬರ ಬಗ್ಗೆ. ಬೇಜಾರು ಮಾಡ್ಕೋಬೇಡಿ.

ಅವರು ನಮ್ಮ ಎದುರು ಮನೆಯವರು. ಕೊರಿಯಾದವರು, ಎಪ್ಪತ್ತು ದಾಟಿದೆ. ನಾವಿರೋದು ಜಂಕ್ಷನ್ ಸಿಟಿಯಲ್ಲಿ, ಫೋರ್ಟ್ ರೈಲಿ ಕೋಟೆಯ ಗೇಟಿನಾಚೆಯ ಊರು. ಸ್ಮೋಕಿ ಹಿಲ್, ರಿಪಬ್ಲಿಕನ್ ಅನ್ನೋ ಎರಡು ಹೊಳೆ ಸೇರಿ ಕಾನ್ಸಾಸ್ ನದಿ ಆಗೋದು ಇಲ್ಲೇ, ಅದಕ್ಕೇ ಆ ಹೆಸರು. ಸುತ್ತ ಹುಲ್ಲುಗಾವಲು ಬಿಟ್ಟರೆ ಏನಿಲ್ಲ. ಆದರೂ ಇಲ್ಲಿ ಕೊರಿಯನ್ ಹೋಟೆಲ್ ಇದೆ, ಕೊರಿಯನ್ ಚರ್ಚ್ ಇದೆ, ಜರ್ಮನ್ ಮಾತಾಡುವ ಅಜ್ಜಿಯರೂ ಇದ್ದಾರೆ. ಸೈನಿಕರನ್ನು ಎಲ್ಲೆಲ್ಲಿಗೆ ಕಳಿಸಿದರೋ ಅಲ್ಲಿಂದೆಲ್ಲ ಸೊಸೆಯರು ಬಂದರು. ಇವರೂ ಹಾಗೇ 1975ರಲ್ಲಿ ಒಬ್ಬ ಸಾರ್ಜೆಂಟ್‌ನ ಕೈಹಿಡಿದು ಬಂದವರು. ಇಪ್ಪತ್ತು ವರ್ಷ ಗೇಟಿನ ಹೊರಗೆ ಒಂದು ಅಂಗಡಿಯಲ್ಲಿ ಯೂನಿಫಾರಂಗೆ ಹೆಸರಿನ ಪಟ್ಟಿ ಹೊಲಿಯುತ್ತಿದ್ದರು. ಈಗ ಎಲ್ಲ ವೆಲ್ಕ್ರೋ, ಪರ್ ಅಂತ ಕಿತ್ತು ಪರ್ ಅಂತ ಅಂಟಿಸ್ತಾರೆ. ಅದನ್ನು ಕಂಡರೆ ಅವರಿಗೆ ಇವತ್ತಿಗೂ ಮೈಯುರಿ.

ಜನವರಿಯಲ್ಲಿ, ನನಗೆ ಹೆರಿಗೆಯಾದ ಆ ರಾತ್ರಿಯ ಕಥೆ ಪೂರ್ತಿ ಬರೆಯಲ್ಲ. ಅಪ್ಪನ ಆಪರೇಷನ್‌ನಿಂದಾಗಿ ಅಮ್ಮ ಬರುವ ಹಾಗಿರಲಿಲ್ಲ. ಇವರ ಫೋನ್ ಸಿಗುತ್ತಿರಲಿಲ್ಲ. ಹೊರಗೆ ಹಿಮ ಎಷ್ಟು ಬೀಳುತ್ತಿತ್ತೆಂದರೆ ರಸ್ತೆ ಯಾವುದು, ಅಂಗಳ ಯಾವುದು ಗೊತ್ತಾಗುತ್ತಿರಲಿಲ್ಲ. ಅದರಲ್ಲೇ ಅವರು ಸತ್ತ ಗಂಡನ ಹಳೇ ಮಿಲಿಟರಿ ಕೋಟು ಹಾಕಿಕೊಂಡು ರಸ್ತೆ ದಾಟಿ ಬಂದರು. ಆ ಕೋಟು ಅವರ ಮಂಡಿಯ ಕೆಳಗಿತ್ತು. ಅಲ್ಲಿಯವರೆಗೆ ನಮ್ಮಿಬ್ಬರ ನಡುವೆ ಇದ್ದದ್ದು ಕೈ ಬೀಸುವಷ್ಟು ಪರಿಚಯ.

ಆಸ್ಪತ್ರೆಯಲ್ಲಿ ಬೆಳಗಿನವರೆಗೂ ಅವರು ಕುರ್ಚಿ ಬಿಟ್ಟು ಏಳಲಿಲ್ಲ. ಕೈಚೀಲದಲ್ಲಿ ಒಂದು ಸೇಬು, ಒಂದು ಪುಟ್ಟ ಚಾಕು. ಸಿಪ್ಪೆ ಎಲ್ಲೂ ತುಂಡಾಗದ ಹಾಗೆ ಸುತ್ತಿ ಸುತ್ತಿ ತೆಗೆದರು, ಅದು ಮಡಿಲವರೆಗೂ ಇಳಿಯಿತು. ನಾನು ತಿನ್ನಲಿಲ್ಲ. ಅವರೂ ತಿನ್ನಲಿಲ್ಲ. ಹೋಳುಗಳು ಕಂದುಬಣ್ಣಕ್ಕೆ ತಿರುಗುವವರೆಗೂ ಹಾಗೇ ಇದ್ದವು.

ಯಾವಾಗಲೋ ನಾನು ನೋವಿಗೆ "ಅಮ್ಮಾ" ಅಂದೆ. ಅವರು "ಇಲ್ಲೇ ಇದ್ದೀನಿ" ಅಂತ ಕೈ ಹಿಡಿದರು. ಆಮೇಲೆ ಗೊತ್ತಾಯಿತು, ಕೊರಿಯನ್ನಿನಲ್ಲಿ ತಾಯಿಗೆ ಒಮ್ಮಾ ಅನ್ನುತ್ತಾರೆ. ಅಪ್ಪನಿಗಂತೂ ಅಪ್ಪ ಅಂತಲೇ. ನಾನು ತಮ್ಮನ್ನೇ ಕರೆದೆ ಅಂದುಕೊಂಡಿದ್ದರು. ಕರೆದದ್ದು ಅವರನ್ನಲ್ಲ ಅಂತ ಇವತ್ತಿನವರೆಗೂ ಹೇಳಿಲ್ಲ. ಹೇಳೋದೂ ಇಲ್ಲ.

ಇದೊಂದು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಆ ರಾತ್ರಿ ಮೂರು ಗಂಟೆ ಹೊತ್ತಿಗೆ, "ನನಗೆ ಈ ಮಗು ಬೇಡ, ನನ್ನನ್ನು ಊರಿಗೆ ಕಳಿಸಿಬಿಡಿ" ಅಂದಿದ್ದೆ. ಮಗು ಪಕ್ಕದಲ್ಲೇ ಮಲಗಿತ್ತು. ಬೇರೆ ಯಾರಾದರೂ ಆಗಿದ್ದರೆ "ಬಿಡ್ತು ಅನ್ನು" ಅಂತಿದ್ದರು. ನನ್ನಮ್ಮನೂ ಅಂತಿದ್ದಳು. ಇವರು, "ಇದೇ ಊರಲ್ಲಿ, 1976ರಲ್ಲಿ, ನಾನೂ ಹೀಗೇ ಅಂದಿದ್ದೆ. ನನ್ನ ಮಾತು ಇಲ್ಲಿ ಯಾರಿಗೂ ಅರ್ಥ ಆಗಲಿಲ್ಲ" ಅಂದರು. ಅಷ್ಟೇ. ಮತ್ತೆ ಸುಮ್ಮನೆ ಕೂತರು.

ಆಮೇಲೆ ವಾರಕ್ಕೆರಡು ದಿನ ನನ್ನನ್ನೂ ಮಗುವನ್ನೂ ಕಾರಲ್ಲಿ ಹಾಕಿಕೊಂಡು ಕೋಟೆಯೊಳಗೆ ಸುತ್ತಿಸಿದರು. ಕೋಟೆ ಅಂದರೆ ಚಿತ್ರದುರ್ಗದ ಥರ ಅಲ್ಲ. ಗೋಡೆಯಿಲ್ಲ, ಬುರುಜಿಲ್ಲ. ಪಶ್ಚಿಮಕ್ಕೆ ಹೊರಟವರ ದಾರಿ ಕಾಯೋಕೆ 1853ರಲ್ಲಿ ಶುರುವಾದ ಠಾಣೆ, ಈಗ ಲಕ್ಷ ಎಕರೆ. ಹಳೇ ಭಾಗದಲ್ಲಿ ಹಳದಿ ಸುಣ್ಣಕಲ್ಲಿನ ಮನೆಗಳ ಸಾಲು. ಅಲ್ಲೇ ಕಸ್ಟರ್ ಅನ್ನೋ ಅಶ್ವದಳದ ಅಧಿಕಾರಿಯ ಕಥೆ ಕೇಳಿದ್ದು. 1867ರಲ್ಲಿ ಅವನು ಪಶ್ಚಿಮ ಕಾನ್ಸಾಸ್‌ನಲ್ಲಿ ತನ್ನ ಪಡೆ ಬಿಟ್ಟು, ಹೆಂಡತಿಯನ್ನು ನೋಡೋಕೆ ಇಲ್ಲಿಗೆ ಓಡಿ ಬಂದ. ಕೋರ್ಟ್ ಮಾರ್ಷಲ್ ಆಯಿತು, ಒಂದು ವರ್ಷ ಸಂಬಳವಿಲ್ಲದೆ ಸಸ್ಪೆಂಡ್. "ಆ ಹೆಂಡತಿಗೆ ವರ್ಷವಿಡೀ ಗಂಡ ಸಿಕ್ಕಿದ" ಅಂದರು ನಮ್ಮ ಈ ಕೊರಿಯಾದ ಅಮ್ಮ. ಜನವರಿಯಿಂದ ಅವತ್ತೇ ನಾನು ಮೊದಲು ನಕ್ಕಿದ್ದು. ಕಸ್ಟರ್‌ನನ್ನು ಹೊಗಳೋಕೆ ಹೊರಟಿಲ್ಲ, ಇಲ್ಲಿನ ಮೂಲನಿವಾಸಿಗಳಿಗೆ ಅವನ ಪಡೆ ಮಾಡಿದ್ದು ಗೊತ್ತಿದೆ. ಈ ನೆಲ ಕಾನ್ಸಾ ಜನರದ್ದಾಗಿತ್ತು. ರಾಜ್ಯಕ್ಕೆ ಅವರ ಹೆಸರಿಟ್ಟುಕೊಂಡು, 1873ರಲ್ಲಿ ಅವರನ್ನೇ ಈಗಿನ ಒಕ್ಲಹೋಮಾಗೆ ಸಾಗಿಸಿದರು.

ಅಮ್ಮನಿಗೆ ಇಷ್ಟವಾದ ಜಾಗ ಒಂದು ಕುದುರೆಯ ಸಮಾಧಿ. ಚೀಫ್ ಅಂತ ಹೆಸರು, ಅಶ್ವದಳದ ಕೊನೆಯ ಕುದುರೆ, 1968ರಲ್ಲಿ ಸತ್ತಿದ್ದು. ಅದನ್ನು ನಿಲ್ಲಿಸಿಯೇ ಹೂತಿದ್ದಾರೆ. ಹೋದಾಗಲೆಲ್ಲ "ಪಾಪ, ಇನ್ನೂ ಕೂರೋಕೆ ಬಿಟ್ಟಿಲ್ಲ" ಅನ್ನುತ್ತಾರೆ.

ಮಗಳಿಗೆ ಮೊದಲ ಜ್ವರ ಬಂದ ವಾರ ಕೋಟೆಯೊಳಗಿನ ಕ್ಯಾಂಪ್ ಫನ್‌ಸ್ಟನ್ ಕಡೆ ಹೋಗೋದು ಬೇಡ ಅಂದರು. 1918ರ ಮಾರ್ಚಿನಲ್ಲಿ ಅಲ್ಲೇ ಕೆಲವೇ ದಿನದಲ್ಲಿ ನೂರಾರು ಸೈನಿಕರು ಫ್ಲೂ ಹಿಡಿದು ಮಲಗಿದ್ದರು. ಆ ವರ್ಷದ ಜ್ವರವೇ ಮುಂಬೈ ಹಾದು ನಮ್ಮ ಕಡೆಗೂ ಬಂದಿದ್ದು. ನೂರು ವರ್ಷದ ಹಿಂದಿನ ಜ್ವರಕ್ಕೆ ಈಗ್ಯಾಕೆ ಹೆದರಬೇಕು ಅಂತ ಕೇಳಲಿಲ್ಲ. ದೃಷ್ಟಿ ತೆಗೆಯೋ ಮನೆಯಿಂದ ಬಂದವಳು ನಾನು, ಬಾಯಿ ಮುಚ್ಚಿಕೊಂಡಿದ್ದೆ.

ಸಂಜೆ ಐದಕ್ಕೆ ಕಹಳೆ ಊದುತ್ತಾರೆ. ಕೋಟೆಯೊಳಗೆ ಕಾರುಗಳೆಲ್ಲ ನಿಂತುಬಿಡುತ್ತವೆ, ಜನ ಇಳಿದು ಬಾವುಟದ ಕಡೆ ತಿರುಗಿ ನಿಲ್ಲುತ್ತಾರೆ. ಅಮ್ಮ ಮಗುವನ್ನೆತ್ತಿಕೊಂಡು ನಿಲ್ಲುತ್ತಿದ್ದರು. ರೇಂಜಿನಲ್ಲಿ ಫಿರಂಗಿ ಹಾರಿಸಿದರೆ ನಮ್ಮ ಮನೆ ಕಿಟಕಿ ಗಡಗಡ ಅನ್ನುತ್ತೆ. ಮಗಳು ಅದಕ್ಕೆ ಏಳಲ್ಲ. ಕುಕ್ಕರ್ ಸೀಟಿಗೆ ಏಳ್ತಾಳೆ.

ಏಪ್ರಿಲ್‌ನಲ್ಲಿ ಹುಲ್ಲಿಗೆ ಬೆಂಕಿ ಹಾಕುವ ಕಾಲ. ಮಣ್ಣಿನ ಕೆಳಗೇ ಕಲ್ಲಿರುವುದರಿಂದ ಈ ಗುಡ್ಡಗಳನ್ನು ಯಾರೂ ಉಳಲಿಲ್ಲ, ಅದಕ್ಕೇ ಹಳೇ ಪ್ರೇರಿ ಹುಲ್ಲು ಇಲ್ಲಿ ಉಳಿದಿದೆ. ಸುಟ್ಟರೆ ಚೆನ್ನಾಗಿ ಚಿಗುರುತ್ತೆ, ದನಕ್ಕೆ ಮೇವು. ರಾತ್ರಿ ಕಾರು ನಿಲ್ಲಿಸಿ ನೋಡಿದೆವು, ಗುಡ್ಡದ ಏರಿನುದ್ದಕ್ಕೂ ಒಂದೇ ಎಳೆ ಬೆಂಕಿ. ಅವತ್ತು ಅವರು ಗಂಡನ ಬಗ್ಗೆ ಮಾತಾಡಿದರು. ಆ ಮಾತು ಅವರದ್ದು, ಇಲ್ಲಿ ಹಾಕಲ್ಲ.

ಬಾಣಂತನದಲ್ಲಿ ಅವರು ದಿನಾ ಗಂಜಿ ತಂದ ಸ್ಟೀಲ್ ಪಾತ್ರೆ ನಮ್ಮಲ್ಲೇ ಉಳಿದುಬಿಟ್ಟಿತ್ತು. ಪಾತ್ರೆ ಖಾಲಿ ವಾಪಸ್ ಕೊಡಬಾರದಲ್ವಾ. ನಿನ್ನೆ ಒಬ್ಬಟ್ಟು ಮಾಡಿ ತುಂಬಿಸಿದೆ, ಇವರು ಮಗಳನ್ನೆತ್ತಿಕೊಂಡು ಜೊತೆಗೆ ಬಂದರು. ಅಮ್ಮ ಇವರನ್ನು ತಲೆಯಿಂದ ಕಾಲಿನವರೆಗೆ ನೋಡಿ, ತೋಳಿನ ಮೇಲಿದ್ದ ವೆಲ್ಕ್ರೋ ಬ್ಯಾಡ್ಜು ಸೊಟ್ಟಗಿದೆ ಅಂತ ಕಿತ್ತು ನೆಟ್ಟಗೆ ಅಂಟಿಸಿದರು. ಒಬ್ಬಟ್ಟು ಮುರಿದು ಬಾಯಿಗೆ ಹಾಕಿಕೊಂಡು, "ನನಗೆ ಶುಗರ್ ಇದೆ ಅಂತ ಎಷ್ಟು ಸಲ ಹೇಳಲಿ? ಆ ನಿಂಬೆಹಣ್ಣಿನ ಉಪ್ಪಿನಕಾಯಿ ತಾ" ಅಂತ ಪಾತ್ರೆಯನ್ನು ಮತ್ತೆ ನನ್ನ ಕೈಗೇ ಕೊಟ್ಟರು.