ಮೊದಲು ಅಳಿವೆಗಳನ್ನು ಕಾಯಬೇಕು: ಮೀನುಗಾರಿಕೆ ಮತ್ತು ಬಂದರು ಸಚಿವರಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಮೀನುಗಾರಿಕೆ, ಬಂದರು ಮತ್ತು ಒಳನಾಡು ಜಲಸಾರಿಗೆ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಮಾನ್ಯರೇ,

ಈ ಪತ್ರ, ಹಡಗುಗಳಿಂದ ಕಡಲಿಗೆ ಸೋರುವ ತೈಲದಿಂದ ನಮ್ಮ ಅಳಿವೆಗಳನ್ನು, ಅಂದರೆ ಹೊಳೆಗಳು ಕಡಲು ಸೇರುವ ಜಾಗಗಳನ್ನು, ಕಾಯುವ ಕುರಿತು. ಕಾರವಾರದ ಬಳಿ ‘ಓಷನ್ ಸೆರಾಯಾ’ ಹಡಗು ನೆಲಕಚ್ಚಿದ್ದು 2006ರ ಮೇ 30ರಂದು. ಮಂಗಳೂರಿನ ಬಳಿ ‘ಡೆನ್ ಡೆನ್’ ಅವಘಡಕ್ಕೀಡಾದದ್ದು 2007ರ ಜೂನ್‌ನಲ್ಲಿ, ಉಳ್ಳಾಲದ ಎದುರು ‘ಪ್ರಿನ್ಸೆಸ್ ಮಿರಾಲ್’ ಮುಳುಗಿದ್ದು 2022ರ ಜೂನ್‌ನಲ್ಲಿ. ಕೇರಳದ ಕಡಲಲ್ಲಿ ‘ಎಂಎಸ್‌ಸಿ ಎಲ್ಸಾ 3’ 2025ರ ಮೇ 25ರಂದು ಮುಳುಗಿತು. ಅದಾಗಿ ಹದಿನೈದನೆಯ ದಿನ, ಜೂನ್ 9ರಂದು, ‘ವಾನ್ ಹೈ 503’ ಹಡಗಿಗೆ ಬೆಂಕಿ ಬಿದ್ದು, ಪಾರಾದ ನಾವಿಕರನ್ನು ಮಂಗಳೂರಿಗೆ ಕರೆತರಲಾಯಿತು. ಈ ತಾರೀಖುಗಳನ್ನು ಒಟ್ಟಿಗೆ ಇಟ್ಟು ನೋಡಬೇಕೆಂದು ಕೋರುತ್ತೇನೆ. ಐದೂ ಅವಘಡಗಳು ಮುಂಗಾರು ಕಾಲಿಡುವ ಹೊತ್ತಿನವು.

ಆ ಹೊತ್ತಿನಲ್ಲಿ ಕಡಲಿನ ಮೇಲೆ ತೈಲವನ್ನು ಹಿಡಿಯುವುದು ಬಹುಮಟ್ಟಿಗೆ ಆಗದ ಕೆಲಸ. ತೈಲವನ್ನು ಸುತ್ತುಗಟ್ಟಲು ಬಳಸುವ ಬೂಮ್ ಎಂಬ ತೇಲುತಡೆಗಳ ಮೇಲಿಂದ ಮಳೆಗಾಲದ ಅಲೆ ದಾಟಿಹೋಗುತ್ತದೆ. ತೈಲವನ್ನು ಹೀರುವ ಸ್ಕಿಮ್ಮರ್ ಯಂತ್ರಗಳು ತೈಲಕ್ಕಿಂತ ನೀರನ್ನೇ ಹೆಚ್ಚು ಎಳೆಯುತ್ತವೆ. ಹಾಗಾಗಿ ಸೋರಿದ ತೈಲ ದಡಕ್ಕೆ ಬಂದೇ ಬರುತ್ತದೆ ಎಂದು ಮೊದಲೇ ಒಪ್ಪಿಕೊಂಡು ಯೋಜನೆ ಮಾಡಬೇಕು. ರಾಷ್ಟ್ರೀಯ ತೈಲ ಸೋರಿಕೆ ವಿಪತ್ತು ಯೋಜನೆಯಂತೆ ಕಡಲಿನ ಮೇಲಿನ ಕಾರ್ಯಾಚರಣೆಯ ಹೊಣೆ ಕೋಸ್ಟ್ ಗಾರ್ಡ್‌ನದು. ದಡ ಸೇರಿದ ತೈಲದ ಹೊಣೆ ರಾಜ್ಯ ಸರ್ಕಾರದ್ದು. ಈ ಪತ್ರವನ್ನು ದೆಹಲಿಗೆ ಬರೆಯದೆ ತಮಗೆ ಬರೆಯುತ್ತಿರುವುದು ಅದೇ ಕಾರಣಕ್ಕೆ.

ಅದೇ ಯೋಜನೆಯಲ್ಲಿ 700 ಟನ್‌ವರೆಗಿನ ಸೋರಿಕೆಯನ್ನು ಸ್ಥಳೀಯವಾಗಿ ನಿಭಾಯಿಸಬಹುದಾದ ಸಣ್ಣ ಸೋರಿಕೆ ಎಂದು ಎಣಿಸಲಾಗಿದೆ. ಓಷನ್ ಸೆರಾಯಾದ ಟ್ಯಾಂಕುಗಳಲ್ಲಿ ಇದ್ದದ್ದು ಸುಮಾರು 650 ಟನ್ ಇಂಧನ ತೈಲ; ಪ್ರಿನ್ಸೆಸ್ ಮಿರಾಲ್‌ನಲ್ಲಿದ್ದದ್ದು ಸುಮಾರು 220 ಟನ್, ಅದೃಷ್ಟವಶಾತ್ ಅಲ್ಲಿ ದೊಡ್ಡ ಸೋರಿಕೆಯಾಗಲಿಲ್ಲ. ಇವು ಹಡಗುಗಳು ತಮ್ಮ ಎಂಜಿನ್‌ಗಳಿಗೆಂದು ಇಟ್ಟುಕೊಂಡಿದ್ದ ತೈಲದ ಲೆಕ್ಕ ಮಾತ್ರ. ಮಂಗಳೂರಿನ ಭೂಗತ ಸಂಗ್ರಹಾಗಾರದಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನದರಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಯುತ್ತದೆ. ಅದನ್ನೂ ತೈಲ ಶುದ್ಧೀಕರಣಾಗಾರಕ್ಕೆ ಬೇಕಾದುದನ್ನೂ ತರುವ ಟ್ಯಾಂಕರುಗಳು ನಮ್ಮ ನಾಡದೋಣಿಗಳು ಬಲೆ ಬೀಸುವ ಕಡಲಿಗೇ ಬರುತ್ತವೆ. ದೇಶಕ್ಕೆ ಈ ಸಂಗ್ರಹ ಬೇಕು ಎಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಅಪಾಯವನ್ನು ಕರಾವಳಿ ಹೊತ್ತಿರುವಾಗ ಅದಕ್ಕೆ ತಕ್ಕ ಸಿದ್ಧತೆಯೂ ಕರಾವಳಿಯಲ್ಲೇ ಇರಬೇಕು.

ಕಚ್ಚಾ ತೈಲ ನೀರಿಗೆ ಬಿದ್ದ ಮೊದಲ ಕೆಲವು ದಿನಗಳಲ್ಲಿ ಅದರ ಹಗುರ ಅಂಶಗಳು ಆವಿಯಾಗುತ್ತವೆ. ಉಳಿದದ್ದು ಅಲೆಗಳ ಹೊಡೆತಕ್ಕೆ ಸಮುದ್ರದ ನೀರನ್ನು ತನ್ನೊಳಗೆ ಸೇರಿಸಿಕೊಂಡು ಮೂರು ನಾಲ್ಕು ಪಟ್ಟು ಉಬ್ಬಿ, ಕಂದುಬಣ್ಣದ ಅಂಟಾಗಿ, ಕೊನೆಗೆ ಡಾಂಬರಿನ ಉಂಡೆಗಳಾಗಿ ದಡ ಸೇರುತ್ತದೆ. ಮರಳಿನ ಮೇಲೆ ಬಿದ್ದ ಉಂಡೆಯನ್ನು ಹೆಕ್ಕಬಹುದು. ಕಾಲಿಗೆ ಮೆತ್ತಿದ್ದನ್ನು ಎಣ್ಣೆ ಹಚ್ಚಿ ಉಜ್ಜಿ ತೆಗೆಯಬಹುದು. ಅಳಿವೆಯೊಳಗಿನ ಕೆಸರಿಗೆ ಇಳಿದ ತೈಲವನ್ನು ತೆಗೆಯುವುದು ಬಹುಮಟ್ಟಿಗೆ ಆಗದ ಕೆಲಸ. ಅಘನಾಶಿನಿ ಹೊಳೆಯ ಇಳಿತದಲ್ಲಿ ಬಳಚು ಎಂಬ ಚಿಪ್ಪುಜೀವಿಯನ್ನು ಆರಿಸಿ ಬದುಕುವ ಕುಟುಂಬಗಳನ್ನು ನೆನೆಯಿರಿ. ಬಳಚು ನೀರನ್ನು ಸೋಸಿ ತಿನ್ನುವ ಜೀವಿಯಾದ್ದರಿಂದ ನೀರಿನಲ್ಲಿರುವ ತೈಲದ ವಿಷಾಂಶಗಳು ಅದರ ಮಾಂಸದಲ್ಲಿ ಕೂಡಿಕೊಳ್ಳುತ್ತವೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಕೆಸರಿನಿಂದ ಮೇಲಕ್ಕೆ ಚಾಚುವ ಉಸಿರುಬೇರುಗಳಿಗೆ ತೈಲ ಮೆತ್ತಿದರೆ ಗಿಡವೇ ಉಸಿರುಗಟ್ಟುತ್ತದೆ. ಅದರ ಬುಡದಲ್ಲಿ ಬೆಳೆಯುವ ಸಿಗಡಿ ಮತ್ತು ಮೀನುಮರಿಗಳ ತಾವೂ ಹೋಗುತ್ತದೆ.

ಆದ್ದರಿಂದ ನನ್ನ ಮುಖ್ಯ ಬೇಡಿಕೆ ಇದು: ಕಾಳಿಯಿಂದ ನೇತ್ರಾವತಿಯವರೆಗಿನ ಪ್ರತಿ ಅಳಿವೆಗೂ, ಬೂಮ್‌ಗಳನ್ನು ಎಲ್ಲಿ ಕಟ್ಟಬೇಕು, ಯಾರು ಕಟ್ಟಬೇಕು, ಅವು ಯಾವ ಗೋದಾಮಿನಲ್ಲಿರಬೇಕು ಎಂಬುದನ್ನು ಮೇ ತಿಂಗಳಿಗೆ ಮೊದಲೇ ಬರೆದಿಟ್ಟು, ಸ್ಥಳೀಯ ದೋಣಿಯವರೊಂದಿಗೆ ಅಭ್ಯಾಸ ಮಾಡಿಸಬೇಕು. ಸೆಕೆಂಡಿಗೆ ಸುಮಾರು 35 ಸೆಂಟಿಮೀಟರಿಗಿಂತ ವೇಗದ ಹರಿವಿಗೆ ಅಡ್ಡಲಾಗಿ ನೇರ ಕಟ್ಟಿದ ಬೂಮ್‌ನ ಅಡಿಯಿಂದ ತೈಲ ನುಸುಳುತ್ತದೆ. ಮಳೆಗಾಲದ ಹೊಳೆಯಲ್ಲಿ ಅದನ್ನು ಓರೆಯಾಗಿ ಕಟ್ಟಿ ತೈಲವನ್ನು ದಡದ ಒಂದು ಮೂಲೆಗೆ ತಿರುಗಿಸಬೇಕಾಗುತ್ತದೆ. ಯಾವ ಅಳಿವೆಯಲ್ಲಿ ಭರತದ ಸೆಳೆತ ಎತ್ತಿಂದೆತ್ತ ಎಂಬುದು ಅಲ್ಲಿನ ಮೀನುಗಾರರಿಗೆ ಗೊತ್ತು. ಅವರನ್ನು ಕೇಳದೆ ಬರೆದ ನಕ್ಷೆ ಕೆಲಸಕ್ಕೆ ಬಾರದು.

ಹಾಗೆಂದು ಅವರನ್ನೇ ಬರಿಗೈಯಲ್ಲಿ ತೈಲಕ್ಕೆ ಇಳಿಸಬಾರದು. 2017ರ ಜನವರಿಯಲ್ಲಿ ಚೆನ್ನೈ ಬಳಿಯ ಎಣ್ಣೂರಿನಲ್ಲಿ ಎರಡು ಹಡಗುಗಳು ಡಿಕ್ಕಿಯಾದಾಗ ಮೀನುಗಾರರೂ ವಿದ್ಯಾರ್ಥಿಗಳೂ ಬಕೆಟ್‌ಗಳಲ್ಲಿ ತೈಲ ಮೊಗೆದ ದೃಶ್ಯವನ್ನು ದೇಶವೆಲ್ಲ ಕಂಡಿತು. ಕೈಗವಸು, ಬೂಟು, ಮುಖಗವಸು, ಮೊಗೆದದ್ದನ್ನು ತಾತ್ಕಾಲಿಕವಾಗಿ ಸುರಿಯಲು ಸೋರದ ತಳವಿರುವ ಜಾಗ, ಇವು ಮೊದಲೇ ಇರಬೇಕು. ಅವಸರದ ಶುಚಿಯೂ ಕೆಡುಕು ಮಾಡುತ್ತದೆ. 1989ರಲ್ಲಿ ಅಲಾಸ್ಕಾದಲ್ಲಿ ‘ಎಕ್ಸಾನ್ ವಾಲ್ಡೀಸ್’ ಟ್ಯಾಂಕರಿನಿಂದ ಸುಮಾರು 37,000 ಟನ್ ಕಚ್ಚಾ ತೈಲ ಸೋರಿದಾಗ, ಬಿಸಿನೀರಿನ ಜೋರು ಧಾರೆಯಿಂದ ದಡ ತೊಳೆದದ್ದರಿಂದ ತೈಲಕ್ಕೂ ಸಾಯದೆ ಉಳಿದಿದ್ದ ಜೀವಿಗಳು ಸತ್ತವು. ದಶಕಗಳ ನಂತರವೂ ಆ ದಡಗಳನ್ನು ಅಗೆದಲ್ಲಿ ತೈಲ ಸಿಕ್ಕಿದೆ. ತೈಲ ಚದುರಿಸುವ ರಾಸಾಯನಿಕವನ್ನು ಆಳವಿಲ್ಲದ ನೀರಿನಲ್ಲಿ, ಮೀನು ಮರಿಮಾಡುವ ಜಾಗದಲ್ಲಿ ಬಳಸಬಾರದೆಂಬ ಆದೇಶ ತಮ್ಮ ಇಲಾಖೆಯ ಕಡತದಲ್ಲಿ ಸಿದ್ಧವಿರಲಿ.

ಇನ್ನೊಂದು ಮಾತು, ಪರಿಹಾರದ್ದು. ಟ್ಯಾಂಕರಿನಿಂದ ಕಚ್ಚಾ ತೈಲ ಸೋರಿದರೆ 1992ರ ಅಂತರರಾಷ್ಟ್ರೀಯ ಪರಿಹಾರ ನಿಧಿಯಿಂದ ನಷ್ಟ ಕೇಳಬಹುದು. ಭಾರತ ಅದರ ಸದಸ್ಯ. ಆದರೆ ಕೇಳುವವರು ತಮ್ಮ ದುಡಿಮೆಯ ದಾಖಲೆ ತೋರಿಸಬೇಕು. ಜೂನ್, ಜುಲೈಯಲ್ಲಿ ಯಾಂತ್ರೀಕೃತ ದೋಣಿಗಳು ದಡದಲ್ಲಿರುವಾಗ ಕಡಲಿಗಿಳಿಯುವವರು ನಾಡದೋಣಿಯವರು, ಅಂದರೆ ಸೋರಿಕೆಯಾದರೆ ಮೊದಲು ಹೊಟ್ಟೆಗೆ ಹೊಡೆತ ಬೀಳುವುದು ಅವರಿಗೆ. ಅವರಲ್ಲಿ, ದೋಣಿಗಳು ನಿಲ್ಲುವ ದಕ್ಕೆಯಲ್ಲಿ ಮೀನು ಕೊಂಡು ಬುಟ್ಟಿ ಹೊತ್ತು ಮನೆಮನೆಗೆ ಮಾರುವ ಹೆಂಗಸರಲ್ಲಿ, ಬಳಚು ಆರಿಸುವವರಲ್ಲಿ ಎಷ್ಟು ಜನರ ಬಳಿ ಒಂದು ಚೀಟಿಯಾದರೂ ಇದ್ದೀತು? ಸಹಕಾರ ಸಂಘಗಳ ಮೂಲಕ ಇವರ ದಿನದ ಹಿಡಿತ ಮತ್ತು ಮಾರಾಟವನ್ನು ಈ ಋತುವಿನಿಂದಲೇ ಬರೆದಿಡುವ ವ್ಯವಸ್ಥೆ ಮಾಡಿಸಿ. ಜೊತೆಗೆ ಪ್ರತಿ ಅಳಿವೆಯ ನೀರು, ಕೆಸರು, ಬಳಚುಗಳ ಇಂದಿನ ಸ್ಥಿತಿಯನ್ನು ಪರೀಕ್ಷಿಸಿ ಇಡಿಸಿ. ಮೊದಲು ಹೇಗಿತ್ತೆಂಬುದು ಗೊತ್ತಿರದಿದ್ದರೆ ಆಮೇಲೆ ಎಷ್ಟು ಕೆಟ್ಟಿತೆಂದು ಯಾರೂ ಸಾಧಿಸಲಾರರು.

ಅಳಿವೆಗಳ ಯೋಜನೆಯನ್ನು ಕನ್ನಡದಲ್ಲಿ ಮುದ್ರಿಸಿ, ಮುಂದಿನ ಮೇ ಒಂದರೊಳಗೆ ಕರಾವಳಿಯ ಪ್ರತಿ ಗ್ರಾಮ ಪಂಚಾಯಿತಿಗೂ ಮೀನುಗಾರರ ಸಂಘಕ್ಕೂ ತಲುಪಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ಕರಾವಳಿಯ ಒಬ್ಬ ನಿವಾಸಿ