‘ಅರ್ಬುದ ಅಂದ್ರ ಏನ್ ತಮ್ಮಾ?’: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ, ನಮಸ್ಕಾರ.

ನಾನು ಸೇಡಂ ತಾಲ್ಲೂಕಿನ ಪ್ರೈಮರಿ ಶಾಲೆ ಮೇಷ್ಟ್ರು. ರೋಗಿಗಳ ಮನಸ್ಸಿನ ಗಟ್ಟಿತನವನ್ನು ಅವರಿಗೆ ತಿಳಿಯದ ಮಾತಿನಲ್ಲಿ ಕೇಳಿ ಅಳೆಯುತ್ತಾರೆ ಅಂತ ಎರಡು ಸಲ ಅರ್ಜಿ ಕೊಟ್ಟೆ. ಎರಡಕ್ಕೂ ಸೀಲು ಬಿತ್ತು, ಉತ್ತರ ಬರಲಿಲ್ಲ. ಅದಕ್ಕೇ ಈಗ ಎಲ್ಲರೆದುರು ಬರೆಯುತ್ತಿದ್ದೇನೆ.

ನಮ್ಮವ್ವನಿಗೆ ಎದೆಯಲ್ಲಿ ಗಂಟು. ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಕೀಮೋ ನಡೆದಿದೆ. ‘ಕೆಟ್ಟ ಗಂಟು, ಔಷಧಕ್ಕೆ ಕರಗುತ್ತೆ’ ಅಂತಷ್ಟೇ ಅವಳಿಗೆ ಹೇಳಿದ್ದೆವು. ಸರಿಯೋ ತಪ್ಪೋ, ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೀಗೇ. ಮೂರನೇ ಸಲ ಹೋದಾಗ ಒಬ್ಬ ಹುಡುಗ ಟ್ಯಾಬ್ ಹಿಡಿದು ಬಂದ. ಕಾರಿಡಾರಿನ ಬೆಂಚು, ಸುತ್ತ ನಲವತ್ತು ಜನ. ಓದಲು ಶುರು ಮಾಡಿದ: “ಅರ್ಬುದ ರೋಗ ಪತ್ತೆಯಾದ ನಂತರ ನಿಮ್ಮ ಮಾನಸಿಕ ಸ್ಥಿತಿಸ್ಥಾಪಕತ್ವ...”

“ಅರ್ಬುದ ಅಂದ್ರ ಏನ್ ತಮ್ಮಾ?”

“ಕ್ಯಾನ್ಸರ್ ಅಜ್ಜಿ. ನಿಮಗಿರೋದು ಅದೇ ಅಲ್ವಾ?”

ಅವ್ವ ನನ್ನ ಮುಖ ನೋಡಿದಳು. ಕೈಯಲ್ಲಿದ್ದ ಸೊನ್ನೆ ರೂಪಾಯಿಯ ಬಸ್ ಟಿಕೆಟನ್ನು ಮಡಿಚಿದಳು, ಬಿಚ್ಚಿದಳು, ಮತ್ತೆ ಮಡಿಚಿದಳು. ಹುಡುಗ ಮುಂದಿನ ಪ್ರಶ್ನೆಗೆ ಹೋದ. ಒಟ್ಟು 25 ಪ್ರಶ್ನೆ, ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕು ಅಂಕ.

“ಕಷ್ಟದ ನಂತರ ನಾನು ಪುಟಿದೇಳುತ್ತೇನೆ. ಎಷ್ಟು ಹಾಕಲಿ?”

“ಪುಟಿಲಾಕ ನಾ ಏನ್ ಚೆಂಡೇನು?”

ಸೊನ್ನೆ ಒತ್ತಿದ.

“ಸಮಸ್ಯೆ ಬಂದಾಗ ನಾನೇ ಮುಂದಾಳಾಗುತ್ತೇನೆ.”

“ಮನ್ಯಾಗ ಹಿರ್ಯಾರು ಇರ್ತಾರಲ್ಲಪ್ಪ.”

ಅದಕ್ಕೂ ಸೊನ್ನೆ. ದೇವರ ಪ್ರಶ್ನೆಗೆ ಶರಣಬಸಪ್ಪನನ್ನು ನೆನೆದು ಕೈಮುಗಿದಳು, ಅಲ್ಲಿ ಮಾತ್ರ ಪೂರ್ತಿ ನಾಲ್ಕು ಸಿಕ್ಕಿತು. ಕೊನೆಗೆ ನೂರಕ್ಕೆ 31. ‘ಸ್ಥೈರ್ಯ ಕಡಿಮೆ’ ಅಂತ ಫೈಲಿಗೆ ಬಿತ್ತು.

ಅವತ್ತು ದಾರಿಯುದ್ದಕ್ಕೂ ಪ್ಲಾಸ್ಟಿಕ್ ಚೀಲದಲ್ಲಿ ವಾಂತಿ ಮಾಡಿಕೊಳ್ಳುತ್ತಾ ಊರಿಗೆ ಬಂದಳು. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ರೊಟ್ಟಿ ಬಡಿಯುತ್ತಾ ಕೂತಿದ್ದಾಳೆ. ಬೇಡ ಅಂದರೆ ಕೇಳಬೇಕಲ್ಲ! ಇದಕ್ಕೆ ಎಷ್ಟು ಮಾರ್ಕ್ಸು ಸ್ವಾಮಿ?

ರೋಗಿಯ ಮನಸ್ಸಿನ ಗಟ್ಟಿತನ ಅಳೆಯಬೇಡಿ ಅಂತ ನಾನು ಹೇಳುತ್ತಿಲ್ಲ. ಅಳೆಯಿರಿ. ನಮ್ಮ ಮಾತಿನಲ್ಲಿ ಕೇಳಿ ಅಳೆಯಿರಿ. ಇಂಥ ಪ್ರಶ್ನೆಪಟ್ಟಿಗಳಲ್ಲಿ ಜಾಸ್ತಿ ಬಳಕೆಯಲ್ಲಿರುವ ಒಂದನ್ನು 2003ರಲ್ಲಿ ಅಮೆರಿಕದಲ್ಲಿ ಕಾನರ್ ಮತ್ತು ಡೇವಿಡ್ಸನ್ ಅನ್ನುವವರು ಮಾಡಿದರು. ಅಲ್ಲಿನ ಜನ ಕೊಟ್ಟ ಉತ್ತರ ನೋಡಿ, ಒಂದಕ್ಕೊಂದು ಹೊಂದುವ ಪ್ರಶ್ನೆಗಳನ್ನು ಸೇರಿಸಿದಾಗ 25 ಪ್ರಶ್ನೆಗಳು ಐದು ಗುಂಪಾಗಿ ನಿಂತವು. 2007ರಲ್ಲಿ ಚೀನಾದವರು ತಮ್ಮ ಜನರಿಗೆ ಅವನ್ನೇ ಕೇಳಿದಾಗ ಮೂರೇ ಗುಂಪಾದವು. ಜನ ಬದಲಾದರೆ ಗಟ್ಟಿತನದ ಲೆಕ್ಕವೂ ಬದಲಾಗುತ್ತೆ. ಅದಕ್ಕೇ ಇಂಥ ಪಟ್ಟಿಯನ್ನು ಬೇರೆ ಭಾಷೆಗೆ ಸರಿಯಾಗಿ ತರುವವರು ಅನುವಾದವನ್ನು ಇನ್ನೊಬ್ಬರಿಂದ ವಾಪಸ್ ಇಂಗ್ಲಿಷಿಗೆ ತಿರುಗಿಸಿ ನೋಡುತ್ತಾರೆ. ರೋಗಿಗಳ ಜೊತೆ ಕೂತು ‘ಇದು ನಿಮಗೆ ಹೇಗೆ ಅರ್ಥವಾಯ್ತು’ ಅಂತ ಕೇಳುತ್ತಾರೆ. ಸಂಶೋಧನೆಗೆ ರೋಗಿಗೆ ತಿಳಿಯುವ ಭಾಷೆಯಲ್ಲೇ ಒಪ್ಪಿಗೆ ಪಡೆಯಬೇಕು ಅನ್ನುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯನ್ನು ನಿಮಗೆ ನಾನು ಹೇಳಿಕೊಡಬೇಕಾ?

ಹಾಗಾಗಿ ಕೇಳುವುದು ಇಷ್ಟೇ. ನಮ್ಮ ಮಾತಿನಲ್ಲಿ ಕೇಳಿಸಿ. ಕಲಬುರಗಿ ಕನ್ನಡದಲ್ಲಿ, ಉರ್ದು ಮನೆಯವರಿಗೆ ಉರ್ದುವಿನಲ್ಲಿ, ತಾಂಡಾದವರಿಗೆ ಲಂಬಾಣಿಯಲ್ಲಿ. ಇಲ್ಲಿನವರೇ ಪಕ್ಕದಲ್ಲಿ ಕೂತು, ಬಾಗಿಲು ಹಾಕಿಕೊಂಡು ಕೇಳಲಿ. ರೋಗಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಅಂತ ಮೊದಲು ಮನೆಯವರನ್ನು ವಿಚಾರಿಸಲಿ. ನಮ್ಮ ಭಾಗಕ್ಕೆ ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನಮಾನ ಸಿಕ್ಕಿತು. 2019ರಲ್ಲಿ ಕಲ್ಯಾಣ ಕರ್ನಾಟಕ ಅಂತ ಹೆಸರೂ ಇಟ್ಟಿರಿ. ನಮ್ಮವ್ವನಿಗೆ ತಿಳಿಯುವ ಒಂದು ಹಾಳೆ ಮಾಡಿಸೋದು ಅದಕ್ಕಿಂತ ಕಷ್ಟವಾ?

ಮತ್ತೆ ಹೇಳುತ್ತೇನೆ, ನಮ್ಮ ಮಾತಿನಲ್ಲಿ ಕೇಳಿಸಿ. ಅಲ್ಲಿವರೆಗೂ ಆ 31 ಅನ್ನು ಫೈಲಿನಿಂದ ತೆಗೆಸಿ.

ಬರುವ ಗುರುವಾರ ಐದನೇ ಕೀಮೋ. ಟ್ಯಾಬ್ ಹುಡುಗ ಮತ್ತೆ ಬರ್ತಾನೇನು ಅಂತ ಅವ್ವ ನಿನ್ನೆಯಿಂದ ಎರಡು ಸಲ ಕೇಳಿದ್ದಾಳೆ. ಏನು ಹೇಳಲಿ?

ಇಂತಿ,
ಸೇಡಂ ತಾಲ್ಲೂಕಿನ ಒಬ್ಬ ಮೇಷ್ಟ್ರು