ಡಾಕಿಯಿಂದ ನಿನಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಏಳು ನಿಮಿಷದ ವಾಯ್ಸ್ ಮೆಸೇಜನ್ನು ಎರಡು ಸಲ ಕೇಳಿದೆ. ಒಂದು ಸಲ ಬಸ್ಸಿನಲ್ಲಿ, ಇನ್ನೊಂದು ಸಲ ಪಾತ್ರೆ ತೊಳೆಯುವಾಗ. ಸಂಪಾದಕರು ನಿನ್ನ ಅಂಕಣದ ಕೊನೇ ಪ್ಯಾರಾ ಕತ್ತರಿಸಿದ್ದು, ಆಫೀಸಿನಲ್ಲಿ ಸಾಹೇಬರು "ಏನ್ರೀ, ನಮ್ಮ ಮೇಲೇ ಬರೆದಿದೀರಂತೆ" ಅಂದಿದ್ದು, ಅದೆಲ್ಲ ಇರಲಿ. ನಿಜವಾದ ವಿಷಯ ಇದ್ದದ್ದು ಕೊನೇ ನಿಮಿಷದಲ್ಲಿ. ವಾರ ವಾರ ಅಂಕಣ ಬರೆದೂ ಬರೆದೂ ನಾಟಕ ಬರೆಯುವ ಕೈ ಹೋಯಿತು, ಮೂರನೇ ದೃಶ್ಯ ಆರು ತಿಂಗಳಿಂದ ಹಾಗೇ ಬಿದ್ದಿದೆ, ಅದಕ್ಕೇ ಅಂಕಣ ನಿಲ್ಲಿಸ್ತೀನಿ ಅಂದೆಯಲ್ಲ, ಅದು.

ನಿಲ್ಲಿಸೋದಾದರೆ ನಿಲ್ಲಿಸು, ನಾನೇನೂ ಬೇಡ ಅನ್ನಲ್ಲ. ಅದಕ್ಕೆ ಮುಂಚೆ ಹ್ಯೂ ಲೆನರ್ಡ್ ಅನ್ನೋ ಒಬ್ಬ ಐರಿಷ್ ನಾಟಕಕಾರನ ಕತೆ ಕೇಳು. ನಿನ್ನ ಹಾಗೇ ಸರ್ಕಾರಿ ಕಚೇರಿಯಲ್ಲಿ ಫೈಲು ನೋಡುತ್ತಾ ನಾಟಕ ಬರೆದವನು. ಆಮೇಲೆ ಎಷ್ಟೋ ವರ್ಷ ಪತ್ರಿಕೆಯಲ್ಲಿ ಅಂಕಣ ಬರೆದು ಅರ್ಧ ಊರಿನ ಜೊತೆ ಜಗಳ ಕಟ್ಟಿಕೊಂಡವನು.

ಹೋದ ಭಾನುವಾರ ಡಬ್ಲಿನ್ನಿನಿಂದ ಡಾರ್ಟ್ ರೈಲು ಹತ್ತಿ ಅವನ ಊರಿಗೆ ಹೋಗಿದ್ದೆ. ಊರಿನ ಹೆಸರು ಡಾಕಿ. ಬರೆಯುವಾಗ ನಡುವೆ ಒಂದು 'ಲ' ಬರುತ್ತೆ, ಇಲ್ಲಿಯವರು ಮಾತಾಡುವಾಗ ಅದನ್ನು ನುಂಗಿಬಿಡುತ್ತಾರೆ. ನಾನು ಮೊದಲ ವರ್ಷವೆಲ್ಲ 'ಡಾಲ್ಕಿ' 'ಡಾಲ್ಕಿ' ಅಂತಿದ್ದೆ, ಯಾರೂ ತಿದ್ದಲಿಲ್ಲ, ಸುಮ್ನೆ ನಗುತ್ತಿದ್ದರು. ರೈಲಿನಲ್ಲಿ ಎಡಗಡೆ ಸೀಟು ಹಿಡಿದರೆ ಸುಮಾರು ದೂರ ಸಮುದ್ರ ಪಕ್ಕದಲ್ಲೇ ಬರುತ್ತೆ. ಇಳಿದರೆ ಸಣ್ಣ ಬೀದಿ, ಒಂದು ಹಳೇ ಕೋಟೆ, ನಾಲ್ಕು ಕೆಫೆ. ಮೇಲಕ್ಕೆ ನಡೆದರೆ ಗುಡ್ಡದ ಅಂಚಿನಲ್ಲಿ ದೊಡ್ಡ ದೊಡ್ಡ ಬಂಗಲೆಗಳು. ಇವತ್ತು ಅಲ್ಲಿ ಮನೆ ಮಾಡೋದು ನನ್ನಂಥ ಸಂಬಳದವರಿಗೆ ಆಗದ ಮಾತು. ಅಂಥ ಒಂದು ದೊಡ್ಡಮನೆಯ ತೋಟದಲ್ಲಿ ಕೆಲಸ ಮಾಡಿಕೊಂಡಿದ್ದವರು ನಿಕೊಲಸ್ ಕೀಸ್. 1926ರ ನವೆಂಬರಿನಲ್ಲಿ ಡಬ್ಲಿನ್ನಿನಲ್ಲಿ ಹುಟ್ಟಿ ದತ್ತಿಗೆ ಬಂದ ಒಂದು ಗಂಡು ಮಗುವನ್ನು ಅವರೂ ಹೆಂಡತಿ ಮಾರ್ಗರೆಟ್ಟೂ ಸಾಕಿಕೊಂಡರು. ಹುಡುಗ ಹುಟ್ಟಿದ ಹೆಸರನ್ನೂ ಸಾಕಿದವರ ಹೆಸರನ್ನೂ ಜೊತೆಗಿಟ್ಟುಕೊಂಡು ಜಾನ್ ಕೀಸ್ ಬರ್ನ್ ಆದ. ಗೆಳೆಯರಿಗೆ ಜ್ಯಾಕ್. ಜಗತ್ತಿಗೆ ಹ್ಯೂ ಲೆನರ್ಡ್.

ಈ ಹ್ಯೂ ಲೆನರ್ಡ್ ಅನ್ನೋ ಹೆಸರು ಬಂದ ಕತೆ ನಿನಗಂತೂ ಇಷ್ಟವಾಗುತ್ತೆ. ಆತ ಶಾಲೆ ಮುಗಿಸಿ 1945ರಲ್ಲಿ ಐರಿಷ್ ಲ್ಯಾಂಡ್ ಕಮಿಷನ್ನಿಗೆ ಗುಮಾಸ್ತನಾಗಿ ಸೇರಿದ. ಜಮೀನ್ದಾರರ ಭೂಮಿಯನ್ನು ಕೊಂಡು ಗೇಣಿದಾರರಿಗೆ ಹಂಚುತ್ತಿದ್ದ ಇಲಾಖೆ ಅದು. ನಿನ್ನ ಟೇಬಲ್ಲಿನ ಮೇಲೆ ಇನ್ನೂ ಬರುತ್ತವಲ್ಲ, ಹಳೇ ಟೆನೆನ್ಸಿ ಡಿಕ್ಲರೇಷನ್ ಕೇಸುಗಳು, ಹೆಚ್ಚುಕಡಿಮೆ ಅದೇ ಜಾತಿಯ ಕೆಲಸ. ಹದಿನಾಲ್ಕು ವರ್ಷ ಅಲ್ಲೇ ಕೂತಿದ್ದ. ಸಂಜೆ ಹವ್ಯಾಸಿ ನಾಟಕ, ರಾತ್ರಿ ಬರವಣಿಗೆ. ಇಲ್ಲಿಯ ರಾಷ್ಟ್ರೀಯ ರಂಗಮಂದಿರ ಅಬ್ಬೆ ಥಿಯೇಟರಿಗೆ ಒಂದು ನಾಟಕ ಕಳಿಸಿದ, ಬೇಡ ಅಂತ ವಾಪಸು ಬಂತು. ಆ ನಾಟಕದಲ್ಲಿ ಹ್ಯೂಯಿ ಲೆನರ್ಡ್ ಅಂತ ಒಂದು ಪಾತ್ರ ಇತ್ತಂತೆ. ಮುಂದಿನ ನಾಟಕ ಕಳಿಸುವಾಗ ಕೊಂಕಿಗೋ ಏನೋ, ಆ ಪಾತ್ರದ ಹೆಸರನ್ನೇ ಲೇಖಕನ ಜಾಗದಲ್ಲಿ ಹಾಕಿ ಕಳಿಸಿದ. ಅದನ್ನು ಒಪ್ಪಿಕೊಂಡುಬಿಟ್ಟರು! 1956ರಲ್ಲಿ 'ದಿ ಬಿಗ್ ಬರ್ತ್‌ಡೇ' ರಂಗಕ್ಕೆ ಬಂತು. ಅಬ್ಬೆಯ ಕಟ್ಟಡ 1951ರಲ್ಲೇ ಸುಟ್ಟುಹೋಗಿತ್ತು, ಹಾಗಾಗಿ ಆಗೆಲ್ಲ ಅವರ ನಾಟಕ ನಡೆಯುತ್ತಿದ್ದದ್ದು ಕ್ವೀನ್ಸ್ ಥಿಯೇಟರಿನಲ್ಲಿ. ಯೋಚಿಸು, ಬೇಡ ಅಂತ ವಾಪಸು ಬಂದ ನಾಟಕದೊಳಗಿನ ಒಬ್ಬ ಬಂದು ಐವತ್ತು ವರ್ಷ ನಿನ್ನ ಹೆಸರಾಗಿ ಕೂತರೆ ಹೇಗಿರುತ್ತೆ!

ಗುಮಾಸ್ತಿಕೆ, ಅಂಕಣ, ನಾಟಕ ಮೂರನ್ನೂ ಎಳೆದವನು ಇವನೊಬ್ಬನೇ ಅಲ್ಲ ಬಿಡು. ಇವನಿಗಿಂತ ಮುಂಚೆ ಬ್ರಯನ್ ಓ'ನೋಲನ್ ಇದ್ದ. ಫ್ಲ್ಯಾನ್ ಓ'ಬ್ರಯನ್ ಅಂತ ಕಾದಂಬರಿ ಬರೆದವನು ಇವನೇ. ಅವನೂ ಸರ್ಕಾರಿ ನೌಕರ. 1940ರಿಂದ 'ಐರಿಷ್ ಟೈಮ್ಸ್'ನಲ್ಲಿ ಇನ್ನೊಂದು ಸುಳ್ಳು ಹೆಸರಿನಲ್ಲಿ ಅಂಕಣ ಬರೆಯುತ್ತಿದ್ದ. ಯಾರು ಅಂತ ಇಡೀ ಊರಿಗೆ ಗೊತ್ತಿತ್ತು, ಕಚೇರಿಗೂ ಗೊತ್ತಿತ್ತು. ಕೊನೆಗೆ ರಾಜಕಾರಣಿಗಳನ್ನು ಅಂಕಣದಲ್ಲಿ ಕೆಣಕಿ 1953ರಲ್ಲಿ ಕೆಲಸ ಬಿಡಬೇಕಾಯಿತು. ನಿನ್ನ ಸಾಹೇಬರಿಗೆ ಈ ಭಾಗ ಓದಿ ಹೇಳಬೇಡ. ಅವನು 1943ರಲ್ಲಿ ಬರೆದ ನಾಟಕ ಎರಡೇ ವಾರಕ್ಕೆ ಇಳಿಯಿತು. ಇದೇ ಡಾಕಿಯಲ್ಲಿ ನಡೆಯುವ ಅವನ ಕಾದಂಬರಿಯನ್ನು 1965ರಲ್ಲಿ ರಂಗಕ್ಕೆ ತಂದವನು ಯಾರು ಗೊತ್ತಾ? ಇದೇ ಲೆನರ್ಡ್.

ನಡುವಿನ ವರ್ಷಗಳನ್ನು ಬೇಗ ಹೇಳಿ ಮುಗಿಸ್ತೀನಿ. 1959ರಲ್ಲಿ ಕೆಲಸ ಬಿಟ್ಟ. ಮ್ಯಾಂಚೆಸ್ಟರಿನ ಗ್ರನಾಡಾ ಟೀವಿಗೆ ಹೋದ, ಆಮೇಲೆ ಲಂಡನ್. ಅವರಿವರ ಕಾದಂಬರಿಗಳನ್ನು ಟೀವಿಗೆ ಇಳಿಸೋದು, ಧಾರಾವಾಹಿ, ಹಾಸ್ಯದ ಕಂತು, ಏನು ಕೇಳಿದರೂ ಬರೆದುಕೊಡೋದು. ಐರಿಷ್ ಕಾದಂಬರಿಕಾರ ಜೇಮ್ಸ್ ಜಾಯ್ಸ್‌ನ ಬರಹದಿಂದ 'ಸ್ಟೀಫನ್ ಡಿ' ಅಂತ ನಾಟಕ ಮಾಡಿದ, 1962ರಲ್ಲಿ. ಅದರಿಂದ ಹೆಸರು ಬಂತು. ಬ್ರಿಟಿಷರ ವಿರುದ್ಧ ಡಬ್ಲಿನ್ನಿನಲ್ಲಿ ಎದ್ದ ಈಸ್ಟರ್ ದಂಗೆಗೆ 1966ರಲ್ಲಿ ಐವತ್ತು ವರ್ಷ ಆದಾಗ ಐರಿಷ್ ಟೀವಿಗೆ 'ಇನ್‌ಸರೆಕ್ಷನ್' ಸರಣಿ ಬರೆದವನೂ ಅವನೇ. ಐದು ವರ್ಷ ಕಳೆದ ಮೇಲೆ ಅದೇ ಕೈ, ಆ ದಂಗೆಯ ಮುಂದಾಳಿನ ಹೆಸರಿಟ್ಟು, 'ದಿ ಪ್ಯಾಟ್ರಿಕ್ ಪಿಯರ್ಸ್ ಮೋಟೆಲ್' ಬರೆಯಿತು. ಹೊಸದಾಗಿ ದುಡ್ಡು ಕಂಡ ಜನ ಒಂದು ಮೋಟೆಲ್ ಕಟ್ಟಿ, ಅದರ ರೂಮುಗಳಿಗೆಲ್ಲ ಸ್ವಾತಂತ್ರ್ಯ ಹೋರಾಟಗಾರರ ಹೆಸರಿಟ್ಟು, ಅದೇ ರೂಮುಗಳಲ್ಲಿ ಒಬ್ಬರ ಸಂಸಾರಕ್ಕೆ ಇನ್ನೊಬ್ಬರು ಕನ್ನ ಹಾಕುವ ಪ್ರಹಸನ ಅದು. ಅಂಕಣಕಾರ ಹುಟ್ಟಿದ್ದು ಅಲ್ಲೇ ಅಂತ ನನಗನ್ನಿಸುತ್ತೆ. ಆಗಿನ್ನೂ ಊರಿಗೆ ವಾಪಸು ಬಂದು ವರ್ಷವಾಗಿತ್ತು ಅಷ್ಟೇ. ಸರ್ಕಾರ 1969ರಲ್ಲಿ ಲೇಖಕರ ಬರವಣಿಗೆಯ ವರಮಾನಕ್ಕೆ ತೆರಿಗೆ ಇಲ್ಲ ಅಂತ ಕಾನೂನು ಮಾಡಿತ್ತು, 1970ರಲ್ಲಿ ಇವನು ಬಂದ. ಊರಿನ ಪ್ರೀತಿ ಎಷ್ಟು, ತೆರಿಗೆಯ ಪ್ರೀತಿ ಎಷ್ಟು, ನೀನೇ ಲೆಕ್ಕ ಹಾಕಿಕೋ.

ಬಂದವನು ಅಂಕಣ ಬರೆಯೋಕೆ ಶುರು ಮಾಡಿದ. ಒಂದೆರಡು ಪತ್ರಿಕೆ ಬದಲಾಯಿಸಿ 'ಸಂಡೇ ಇಂಡಿಪೆಂಡೆಂಟ್'ನಲ್ಲಿ ನೆಲೆ ನಿಂತ. ಅಂಕಣಕ್ಕೆ ಅವನೇ ಇಟ್ಟುಕೊಂಡ ಬಿರುದನ್ನು ನಮ್ಮ ಮಾತಿನಲ್ಲಿ ಹೇಳೋದಾದರೆ ಸಿಡುಕಪ್ಪ. 2006ರ ತನಕ ಬರೆದ, ಎಂಬತ್ತು ಹತ್ತಿರ ಬರುವವರೆಗೆ. ರಾಜಕಾರಣಿಗಳು, ಬಂದೂಕು ಹಿಡಿದ ದೇಶಭಕ್ತರು, ಬೇರೆ ಲೇಖಕರು, ಯಾರನ್ನೂ ಬಿಡಲಿಲ್ಲ. ಬೆಕ್ಕುಗಳೆಂದರೆ ಮಾತ್ರ ಪ್ರಾಣ, ಅವುಗಳ ಮೇಲೆ ಒಂದು ಪುಸ್ತಕವೇ ಇದೆ. ವಾಕ್ಯಗಳು ಚುರುಕು ಅನ್ನೋದು ನಿಜ, ಆದರೆ ಅಂಕಣ ಹಳಸುತ್ತೆ ಮಾರಾಯ. ಆ ವಾರ ಯಾರನ್ನೋ ಚುಚ್ಚಿದ್ದು, ಆ ಯಾರೋ ಯಾರು ಅನ್ನೋದೇ ಇವತ್ತು ನನ್ನಂಥವನಿಗೆ ಗೊತ್ತಾಗಲ್ಲ. ಇದನ್ನು ನಿನ್ನನ್ನು ಹೆದರಿಸೋಕೆ ಹೇಳ್ತಾ ಇಲ್ಲ, ಸ್ವಲ್ಪ ತಾಳು.

ಅವನ ಬದುಕಿನಲ್ಲೇ ಆದ ಒಂದು ಘಟನೆ ಅಂಕಣಕ್ಕೆ ಹೇಳಿಮಾಡಿಸಿದ ಹಾಗಿದೆ. ನಂಬಿದ್ದ ಅಕೌಂಟೆಂಟು ಎರಡೂವರೆ ಲಕ್ಷ ಪೌಂಡಿಗೂ ಜಾಸ್ತಿ ನುಂಗಿಹಾಕಿದ್ದು 1984ರಲ್ಲಿ ಗೊತ್ತಾಯಿತು. ದುಡ್ಡು ಹೋಗಿದ್ದಕ್ಕಿಂತ ಅವನಿಗೆ ಉರಿದಿದ್ದು ಬೇರೆ. ಆ ಪುಣ್ಯಾತ್ಮ ಇವನದೇ ದುಡ್ಡಿನಲ್ಲಿ ಇವನದೇ ನಾಟಕಗಳಿಗೆ ದುಬಾರಿ ಟಿಕೆಟ್ ಕೊಂಡು ತನ್ನ ಕಕ್ಷಿದಾರರನ್ನು ಕರೆದುಕೊಂಡು ಹೋಗುತ್ತಿದ್ದನಂತೆ!

ಈಗ 'ದಾ' ಬಗ್ಗೆ. ದಾ ಅಂದರೆ ಇಲ್ಲಿಯವರ ಬಾಯಲ್ಲಿ ಅಪ್ಪ. ಮೊದಲ ಪ್ರದರ್ಶನ 1973ರಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ, ಅದೇ ವರ್ಷ ಡಬ್ಲಿನ್ನಿನಲ್ಲಿ. 1978ರಲ್ಲಿ ಬ್ರಾಡ್ವೇಗೆ ಹೋಗಿ ಆ ವರ್ಷದ ಅತ್ಯುತ್ತಮ ನಾಟಕದ ಟೋನಿ ಪ್ರಶಸ್ತಿ ಬಂತು, ಅಪ್ಪನ ಪಾತ್ರ ಮಾಡಿದ ಬಾರ್ನರ್ಡ್ ಹ್ಯೂಸ್‌ಗೂ ಬಂತು. 697 ಪ್ರದರ್ಶನ. ಕತೆ ಇಷ್ಟೇ. ಚಾರ್ಲಿ ಅಂತ ಒಬ್ಬ ನಾಟಕಕಾರ, ಲಂಡನ್ನಿನಲ್ಲಿರುವವನು, ಸಾಕಿದ ಅಪ್ಪನ ಮಣ್ಣಿಗೆ ಡಾಕಿಗೆ ಬಂದಿದ್ದಾನೆ. ಎಲ್ಲ ಮುಗಿದಿದೆ. ರಾತ್ರಿ ಮನೆಯಲ್ಲಿ ಹಳೇ ಕಾಗದ ಪತ್ರ ಹರಿದು ಒಲೆಗೆ ಹಾಕುತ್ತಿದ್ದರೆ ಸತ್ತ ಅಪ್ಪ ಬಂದು ತನ್ನ ಕುರ್ಚಿಯಲ್ಲಿ ಕೂರುತ್ತಾನೆ. ಹೋಗು ಅಂದರೆ ಹೋಗಲ್ಲ. ಹಳೇ ಮಾತು, ಹಳೇ ಪೆದ್ದುತನ, ಅದೇ ಗೊಣಗಾಟ.

ಒಂದು ದೃಶ್ಯ ಹೇಳಲೇಬೇಕು. ತೋಟದ ಕೆಲಸದಿಂದ ಅಪ್ಪ ನಿವೃತ್ತನಾಗುವ ದಿನ. ಅರ್ಧ ಶತಮಾನಕ್ಕೂ ಹೆಚ್ಚು ಅದೇ ಮನೆಯ ಗುಲಾಬಿ ನೋಡಿಕೊಂಡವನು. ಯಜಮಾನಿತಿ ಬರುತ್ತಾಳೆ. ಅಷ್ಟಿಷ್ಟು ದುಡ್ಡು ಕೊಡುತ್ತಾಳೆ, ಜೊತೆಗೆ ಒಂದು ನೆನಪಿನ ಕಾಣಿಕೆ. ಏನದು? 1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪದ ಬೆಂಕಿಯಲ್ಲಿ ಹತ್ತಾರು ಕನ್ನಡಕಗಳ ತಂತಿ ಕರಗಿ ಅಂಟಿಕೊಂಡು ಆದ ಒಂದು ಮುದ್ದೆ. ನೋಡೋಕಾಗಲ್ಲ, ಮಾರೋಕಾಗಲ್ಲ, ಹಾಕಿಕೊಳ್ಳೋಕಂತೂ ಆಗಲ್ಲ. ಅಪ್ಪ ಅದನ್ನು ಎರಡೂ ಕೈಯಲ್ಲಿ ಇಸಕೊಂಡು ಇಂಥದ್ದು ಊರಲ್ಲಿ ಬೇರೆ ಯಾರ ಹತ್ತಿರ ಇದೆ ಹೇಳು ಅಂತ ಬೀಗುತ್ತಾನೆ. ಮಗನಿಗೆ ಮೈಯೆಲ್ಲ ಉರಿಯುತ್ತೆ. ಉರಿಯಲೇಬೇಕು, ನನಗೂ ಉರಿಯಿತು. ಆದರೆ ಅಪ್ಪನ ಖುಷಿ ನಿಜವಾದ ಖುಷಿ. ಅಲ್ಲಿ ಮಗ ಏನು ಹೇಳಿದರೂ ಸರಿ, ಮತ್ತು ಏನು ಹೇಳಿದರೂ ಸಣ್ಣದು.

ಸಿಡುಕಪ್ಪ ಅಂಕಣಕಾರ ಇದೇ ಘಟನೆಯನ್ನು ಭಾನುವಾರದ ಪೇಪರಿನಲ್ಲಿ ಬರೆದಿದ್ದರೆ ಯಜಮಾನಿತಿಯ ಚರ್ಮ ಸುಲಿದು ಒಣಗಲು ಹಾಕುತ್ತಿದ್ದ. ಓದಿದವರು ಚಪ್ಪಾಳೆ ತಟ್ಟುತ್ತಿದ್ದರು. ಅಂಕಣದಲ್ಲಿ ಬರೆಯುವವನು ಯಾವಾಗಲೂ ಗೆಲ್ಲುತ್ತಾನೆ, ಎದುರಿನವನಿಗೆ ಬಾಯಿಯೇ ಇರಲ್ಲವಲ್ಲ. 'ದಾ'ದಲ್ಲಿ ಲೆನರ್ಡ್ ತನ್ನನ್ನೇ ಸೋಲಲು ಬಿಟ್ಟಿದ್ದಾನೆ, ಪುಟ ಪುಟದಲ್ಲೂ. ಒಳ್ಳೊಳ್ಳೆ ಚುಚ್ಚುಮಾತೆಲ್ಲ ಚಾರ್ಲಿಗೆ ಸಿಗುತ್ತೆ, ಗೆಲುವು ಮಾತ್ರ ಅಪ್ಪನದು. ಕೊನೆಯಲ್ಲಂತೂ ಹೊಟ್ಟೆಗೆ ಗುದ್ದಿದ ಹಾಗಾಗುತ್ತೆ. ಇಷ್ಟು ವರ್ಷ ಲಂಡನ್ನಿನಿಂದ ಚಾರ್ಲಿ ಕಳಿಸಿದ ದುಡ್ಡನ್ನು ಅಪ್ಪ ಮುಟ್ಟೇ ಇಲ್ಲ, ಹಾಗೇ ಕೂಡಿಟ್ಟು ಅವನಿಗೇ ಬಿಟ್ಟುಹೋಗಿದ್ದಾನೆ. ಸಾಲ ತೀರಿಸಿದೆ ಅಂದುಕೊಂಡಿದ್ದವನಿಗೆ ಅಸಲಿಗೆ ಅಸಲು ವಾಪಸು. ಚಾರ್ಲಿ ಮನೆಗೆ ಬೀಗ ಹಾಕಿ ಹೊರಟರೆ ಅಪ್ಪ ಗೋಡೆ ದಾಟಿಕೊಂಡು ಹಾಡು ಹೇಳುತ್ತಾ ಹಿಂದೆಯೇ ಬರುತ್ತಾನೆ.

(ನನ್ನಪ್ಪನ ಪಾಸ್‌ಬುಕ್ಕಿನ ವಿಷಯ ನಿನಗೆ ಗೊತ್ತೇ ಇದೆ. ಹೋದ ಯುಗಾದಿಗೆ ಬಂದಾಗ ಅಲಮಾರಿಯಲ್ಲಿ ಕಂಡೆ. ನಾನು ಏನೂ ಕೇಳಲಿಲ್ಲ, ಅವರೂ ಏನೂ ಹೇಳಲಿಲ್ಲ.)

ಆ ನಾಟಕದಲ್ಲಿ ಡ್ರಮ್ ಅಂತ ಇನ್ನೊಬ್ಬ ಇದ್ದಾನೆ. ಸರ್ಕಾರಿ ಕಚೇರಿಯ ಒಣ ಮನುಷ್ಯ, ಚಾರ್ಲಿಗೆ ಗುಮಾಸ್ತನ ಕೆಲಸ ಕೊಡಿಸಿದವನು. ನಾಲಿಗೆ ಅನ್ನೋದು ಬ್ಲೇಡು. ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲ್ಲ, ಎಲ್ಲರಲ್ಲೂ ತಪ್ಪು ಹುಡುಕುತ್ತಾನೆ, ಹುಡುಕಿದ ತಪ್ಪೆಲ್ಲ ಸರಿಯಾಗಿಯೂ ಇರುತ್ತೆ. ಲೆನರ್ಡ್ 1979ರಲ್ಲಿ ಈ ಡ್ರಮ್ಮನ್ನೇ ನಡುವೆ ಕೂರಿಸಿ 'ಎ ಲೈಫ್' ಅಂತ ಬೇರೆ ನಾಟಕ ಬರೆದ. ಇನ್ನು ಹೆಚ್ಚು ದಿನ ಬದುಕಲ್ಲ ಅಂತ ಗೊತ್ತಾದ ಮೇಲೆ ಡ್ರಮ್ ಹಳೇ ಗೆಳತಿಯ ಮನೆ ಬಾಗಿಲು ತಟ್ಟುತ್ತಾನೆ. ಅವಳು ಮದುವೆಯಾಗಿರೋದು ಡ್ರಮ್ ಜೀವನವಿಡೀ ಹಗುರವಾಗಿ ಕಂಡ ಒಬ್ಬ ಉಂಡಾಡಿಯನ್ನು. ಲೆಕ್ಕ ಚುಕ್ತಾ ಮಾಡೋಕೆ ಹೋದವನಿಗೆ ತನ್ನ ಖಾತೆಯೇ ಖಾಲಿ ಅಂತ ಕಾಣುತ್ತೆ. ಬಹಳ ಜನ 'ದಾ' ದೊಡ್ಡದು ಅಂತಾರೆ. ನನಗೆ ಇದೇ ಒಂದು ತೂಕ ಜಾಸ್ತಿ. ಯಾಕೆಂದರೆ ಡ್ರಮ್ ಅಂದರೆ ಆ ಸಿಡುಕಪ್ಪನೇ. ವಾರ ವಾರ ಪೇಪರಿನಲ್ಲಿ ಆ ದನಿಯಲ್ಲೇ ಮಾತಾಡುತ್ತಿದ್ದವನು, ರಂಗದ ಮೇಲೆ ಅದನ್ನೇ ತಂದು ನಿಲ್ಲಿಸಿ, ನಿನ್ನ ಜೊತೆ ಬದುಕಿದವರ ಗತಿ ಏನಾಯಿತು ನೋಡು ಅಂತ ಕೇಳಿದ.

ಅದಕ್ಕೇ, ಅಂಕಣ ನಾಟಕವನ್ನು ತಿನ್ನುತ್ತೆ ಅನ್ನೋ ನಿನ್ನ ಮಾತು ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಟೈಮು ತಿನ್ನುತ್ತೆ, ಹೌದು. ಆದರೆ ನಿನ್ನ ಮೂರನೇ ದೃಶ್ಯವನ್ನು ನಾನು ಓದಿದ್ದೇನೆ. ಮೇಷ್ಟ್ರೂ ಅವರಪ್ಪನೂ ಜಗಲಿಯಲ್ಲಿ ಕೂತಿರುತ್ತಾರೆ. ಮೇಷ್ಟ್ರು ಒಂದೂವರೆ ಪುಟ ಮಾತಾಡುತ್ತಾರೆ, ಪ್ರತಿ ಮಾತೂ ನಿನ್ನ ಶನಿವಾರದ ಅಂಕಣದ ಹಾಗೇ ಚೆನ್ನಾಗಿದೆ. ಅಪ್ಪ ಅಡಿಕೆ ಸುಲಿಯುತ್ತಾ ಎರಡು ಸಲ "ಹೂಂ" ಅಂತಾರೆ ಅಷ್ಟೇ. ಎದುರಿನವನಿಗೆ ಬಾಯಿಯೇ ಇಲ್ಲದಿದ್ದರೆ ದೃಶ್ಯ ಹೇಗೆ ಮುಂದೆ ಹೋಗಬೇಕು, ನೀನೇ ಹೇಳು!

ಲೆನರ್ಡ್ 2009ರ ಫೆಬ್ರವರಿಯಲ್ಲಿ ಅದೇ ಡಾಕಿಯಲ್ಲಿ ತೀರಿಕೊಂಡ, 82 ವರ್ಷ. ನಾನು ಭಾನುವಾರ ಗುಡ್ಡ ಹತ್ತಿ ಇಳಿದು, ಒಂದು ಕಾಫಿಗೆ ನಾಲ್ಕು ಯೂರೋ ಕೊಟ್ಟು, ಹೊಟ್ಟೆ ಉರಿಸಿಕೊಂಡು ವಾಪಸು ಬಂದೆ. ವಾಪಸು ಬರುವಾಗ ಸಮುದ್ರ ಬಲಗಡೆ, ನಾನು ಮರೆತು ಮತ್ತೆ ಎಡಗಡೆಯೇ ಕೂತಿದ್ದೆ.

ಈ ಶನಿವಾರದ ಅಂಕಣದ ಕಟಿಂಗ್ ಕಳಿಸು, ಕತ್ತರಿಸಿದ ಪ್ಯಾರಾ ಸೇರಿಸಿ. ಮತ್ತೆ ಆ ಅಡಿಕೆ ಸುಲಿಯುವ ಅಪ್ಪ ಏನಂದರು ಅಂತಾನೂ ಬರಿ.

ನಿನ್ನವನು,
ಡಬ್ಲಿನ್ನಿನಿಂದ